ಹೆಸರಿನ ಪಕ್ಕದಲ್ಲಿ ‘ಗನ್ನರ್’ ಎಂದಿದ್ದರೆ

ಪ್ರಶ್ನೆ: ನಾವು ಆರು ವರ್ಷಗಳಿಂದ ಕೆನಡಾದ ಒಂಟಾರಿಯೊ ಪ್ರಾಂತ್ಯದ ಒಂದು ಸಣ್ಣ ಊರಿನಲ್ಲಿದ್ದೇವೆ. ಊರ ನಡುವೆ ಇರುವ ಕಲ್ಲಿನ ಕಂಬದ ಮೇಲೆ ಮೊದಲ ಮಹಾಯುದ್ಧದಲ್ಲಿ ಮಡಿದ ಇಲ್ಲಿನವರ ಹೆಸರುಗಳಿವೆ. ನವೆಂಬರ್ 11ರ ಸ್ಮರಣೆಯ ದಿನಕ್ಕಾಗಿ ಮಗಳ ಶಾಲೆಯಲ್ಲಿ ಮಕ್ಕಳಿಗೆ ಒಂದೊಂದು ಹೆಸರನ್ನು ಹಂಚಿದ್ದಾರೆ. ಅವಳ ಪಾಲಿಗೆ ಬಂದವನು 1917ರಲ್ಲಿ ಸತ್ತ ಒಬ್ಬ ಗನ್ನರ್. ಹೆಸರಿನ ಪಕ್ಕದಲ್ಲಿ ಸಿ.ಎಫ್.ಎ. ಎಂಬ ಮೂರಕ್ಷರ ಬಿಟ್ಟರೆ ಬೇರೇನೂ ಇಲ್ಲ. ನಮ್ಮೂರಿನ ಕೆರೆ ಏರಿಯ ಮೇಲಿರುವ ವೀರಗಲ್ಲಿನಲ್ಲಾದರೂ ಸತ್ತವನು ಹೇಗೆ ಹೋರಾಡಿದ ಎಂಬ ಚಿತ್ರವಿದೆ. ಈ ನಾಡಿನವರೇ ಅಲ್ಲದ ನಾವು, ಇಷ್ಟು ಕಡಿಮೆ ಗೊತ್ತಿರುವ ಒಬ್ಬನನ್ನು ನೆನೆಯುವುದಾದರೂ ಹೇಗೆ?

ಉತ್ತರ: ನಿಮ್ಮ ವೀರಗಲ್ಲಿನ ಹೋಲಿಕೆಯಿಂದಲೇ ತೊಡಗುತ್ತೇನೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗವಿರುತ್ತದೆ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಾರೆ, ಮೇಲಿನದರಲ್ಲಿ ಅವನು ಶಿವನ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ದನಗಳನ್ನು ಕದ್ದೊಯ್ಯುವ ಕಾಳಗವಾದ ತುರುಗೊಳ್‌ನಲ್ಲಿ ಬಿದ್ದನೋ, ಊರಿನ ಮೇಲಿನ ದಾಳಿಯಾದ ಊರಳಿವಿನಲ್ಲಿ ಬಿದ್ದನೋ ಎಂಬುದನ್ನೂ ಅನೇಕ ಕಲ್ಲುಗಳು ಬರೆದೇ ಹೇಳುತ್ತವೆ. ಅವನನ್ನು ಕಂಡಿದ್ದವರು, ಬಹುಪಾಲು ಅವನು ಬಿದ್ದ ಊರಿನವರೇ, ಆ ಕಲ್ಲನ್ನು ನಿಲ್ಲಿಸಿದವರು. ಕೆನಡಾದ ಊರುಗಳ ಸ್ಥಿತಿ ಬೇರೆಯಾಗಿತ್ತು. ಎಂಬತ್ತು ಲಕ್ಷದಷ್ಟೂ ಜನರಿಲ್ಲದ ದೇಶದಿಂದ ಹೊರಟ ಸೈನ್ಯದಲ್ಲಿ 60,000ಕ್ಕೂ ಹೆಚ್ಚು ಮಂದಿ ಕಡಲಾಚೆ ಮಡಿದರು. ಯಾರ ದೇಹವನ್ನೂ ತಾಯ್ನಾಡಿಗೆ ತರುವಂತಿಲ್ಲ, ಬಿದ್ದ ನೆಲದಲ್ಲೇ ಹೂಳಬೇಕು ಎಂದು ಸಾಮ್ರಾಜ್ಯದ ಮಟ್ಟದಲ್ಲಿ ತೀರ್ಮಾನವಾಯಿತು. ಹೀಗಾಗಿ ಮನೆಯವರಿಗೆ ಹೆಣ ಸಿಗಲಿಲ್ಲ, ಮಣ್ಣು ಹಾಕುವ ಅವಕಾಶ ಸಿಗಲಿಲ್ಲ, ಹೂವಿಡಲು ಸಮಾಧಿಯೂ ಇರಲಿಲ್ಲ. ನೀವು ನೋಡುತ್ತಿರುವ ಕಂಬ ಆ ಇಲ್ಲದ ಸಮಾಧಿಗಳಿಗೆ ಬದಲಾಗಿ ನಿಂತದ್ದು. ಅದನ್ನು ನಿಲ್ಲಿಸಿದ ತಲೆಮಾರಿಗೆ ಆ ಹುಡುಗರು ಯಾರೆಂಬುದು ಗೊತ್ತೇ ಇತ್ತು, ಆದ್ದರಿಂದ ಹೆಸರು ಸಾಕಾಗಿತ್ತು. ಸಾಕಾಗದಿರುವುದು ನಮಗೆ.

ಆದರೂ ಆ ಮೂರಕ್ಷರ ನೀವು ಭಾವಿಸಿದಷ್ಟು ಮೂಕವಲ್ಲ. ಸಿ.ಎಫ್.ಎ. ಎಂದರೆ ಕೆನಡಿಯನ್ ಫೀಲ್ಡ್ ಆರ್ಟಿಲರಿ, ಕಾಲುದಳದ ಬೆನ್ನಿಗೇ ನಿಂತು ಹಗುರ ತೋಪುಗಳನ್ನು ಹಾರಿಸುತ್ತಿದ್ದ ಫಿರಂಗಿ ದಳ. ಕಾಲುದಳದಲ್ಲಿ ‘ಪ್ರೈವೇಟ್’ ಎನ್ನಿಸಿಕೊಳ್ಳುವ ಸಾಮಾನ್ಯ ಸಿಪಾಯಿಯನ್ನು ಫಿರಂಗಿ ದಳದಲ್ಲಿ ‘ಗನ್ನರ್’ ಎನ್ನುತ್ತಾರೆ. ಅದೇ ಸ್ಮಾರಕದ ಮೇಲೆ ಯಾರದಾದರೂ ಹೆಸರಿಗೆ ‘ಡ್ರೈವರ್’ ಎಂದಿದ್ದರೆ ಮೋಟಾರು ನಡೆಸುತ್ತಿದ್ದವನೆಂದು ತಿಳಿಯಬೇಡಿ. ಅವನು ತೋಪು ಎಳೆಯುವ ಕುದುರೆಗಳ ಸವಾರ. ಒಂದು ತೋಪಿಗೆ ಮೂರು ಜೋಡಿಯಂತೆ ಆರು ಕುದುರೆಗಳು, ಪ್ರತಿ ಜೋಡಿಯ ಎಡಗಡೆಯ ಕುದುರೆಯ ಮೇಲೆ ಒಬ್ಬ ಡ್ರೈವರ್. ಕೆಲವು ತೋಪುಗಳ ಒಂದು ಘಟಕಕ್ಕೆ ‘ಬ್ಯಾಟರಿ’ ಎಂದು ಹೆಸರು; ನಮ್ಮ ಮಕ್ಕಳಿಗೆ ಆ ಪದ ಕೇಳಿದೊಡನೆ ಟಾರ್ಚು ನೆನಪಾಗುವುದರಿಂದ ಮಗಳಿಗೆ ಇದನ್ನು ಮೊದಲೇ ಹೇಳಿಬಿಡಿ. 1915ರ ವಸಂತದಲ್ಲಿ ಕೆನಡಾದ ಒಂದು ಫೀಲ್ಡ್ ಬ್ಯಾಟರಿಯಲ್ಲಿ ನಾಲ್ಕು ತೋಪುಗಳಿದ್ದವು, 1917ರ ಹೊತ್ತಿಗೆ ಆರಾದವು. ಕೆಲವು ಬ್ಯಾಟರಿಗಳು ಸೇರಿ ಒಂದು ಬ್ರಿಗೇಡ್. ಕಾಲುದಳದ ಬ್ರಿಗೇಡಿನಲ್ಲಿ ಸಾವಿರಾರು ಜನರಿರುತ್ತಾರೆ, ಫಿರಂಗಿ ಬ್ರಿಗೇಡ್ ಅದಕ್ಕಿಂತ ಬಹಳ ಚಿಕ್ಕದು. ದಾಖಲೆ ಹುಡುಕುವವರಲ್ಲಿ ಅರ್ಧದಷ್ಟು ಜನ ದಾರಿ ತಪ್ಪುವುದು ಇಲ್ಲಿಯೇ ಎಂಬುದು ನನ್ನ ಅನುಭವ.

ಅವರ ಕೈಯಲ್ಲಿದ್ದುದು ಬಹುಪಾಲು ಹದಿನೆಂಟು ಪೌಂಡಿನ ತೋಪು. ಅದು ಹಾರಿಸುತ್ತಿದ್ದ ಷೆಲ್ಲಿನ ತೂಕ ಎಂಟೂವರೆ ಕಿಲೋದ ಹತ್ತಿರ. ಆ ತೋಪಿನ ಹೆಸರು ಬಂದದ್ದೇ ಈ ತೂಕದಿಂದ. ಅದು ಎಸೆಯುತ್ತಿದ್ದ ದೂರ ಸುಮಾರು 6 ಕಿಲೋಮೀಟರ್. ಶ್ರಾಪ್ನೆಲ್ ಎಂಬ ಬಗೆಯ ಷೆಲ್ಲಿನೊಳಗೆ ಸುಮಾರು 375 ಸೀಸದ ಗುಂಡುಗಳಿರುತ್ತಿದ್ದವು, ಅದು ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಒಡೆದು ಅವನ್ನು ಮಳೆಯಂತೆ ಸುರಿಸುತ್ತಿತ್ತು. ತೋಪಿನ ಬಳಿ ನಿಂತವನಿಗೆ ಗುರಿ ಕಾಣುತ್ತಿರಲಿಲ್ಲ. ಮುಂದಿನ ಕಂದಕದಲ್ಲೋ ಮುರಿದ ಮನೆಯ ಮಾಡಿನ ಮರೆಯಲ್ಲೋ ಅಡಗಿ ಕುಳಿತ ಒಬ್ಬ ಅಧಿಕಾರಿ ದುರ್ಬೀನಿನಲ್ಲಿ ನೋಡಿ, ನೆಲದ ಮೇಲೆ ಹಾಸಿದ ಟೆಲಿಫೋನ್ ತಂತಿಯಲ್ಲಿ ಲೆಕ್ಕ ತಿಳಿಸುತ್ತಿದ್ದ. ತೋಪಿನ ಬಳಿ ಒಬ್ಬ ಕೋನ ಹೊಂದಿಸುತ್ತಿದ್ದ, ಮತ್ತೊಬ್ಬ ಷೆಲ್ಲಿನ ಮೂತಿಯ ಫ್ಯೂಸನ್ನು ಇಷ್ಟು ಸೆಕೆಂಡಿಗೆಂದು ತಿರುಗಿಸುತ್ತಿದ್ದ, ಇನ್ನೊಬ್ಬ ಅದನ್ನು ಒಳಕ್ಕೆ ತಳ್ಳುತ್ತಿದ್ದ. ಆ ತಂತಿ ಷೆಲ್ ದಾಳಿಗೆ ದಿನಕ್ಕೆ ಹಲವು ಬಾರಿ ಕಡಿದುಹೋಗುತ್ತಿತ್ತು, ಪ್ರತಿ ಬಾರಿಯೂ ಯಾರಾದರೂ ಅದರ ಗುಂಟ ನಡೆದು ಹೋಗಿ ಕಟ್ಟಿ ಬರಬೇಕಿತ್ತು. ಎಣಿಕೆ, ಭಾರ ಹೊರುವಿಕೆ, ನಿದ್ದೆಗೇಡು, ಕಿವಿ ಕಿವುಡಾಗುವ ಸದ್ದು: ಗನ್ನರನ ಯುದ್ಧವೆಂದರೆ ಇದು.

ಅವನ ಸಾವೂ ಹಾಗೆಯೇ ಕಣ್ಣಿಗೆ ಕಾಣದ ಕಡೆಯಿಂದ ಬರುತ್ತಿತ್ತು. ಎರಡೂ ಕಡೆಯ ಫಿರಂಗಿ ದಳಗಳು ಒಂದನ್ನೊಂದು ಹುಡುಕಿ ಹೊಡೆಯುವ ಕಲೆಯನ್ನು ಯುದ್ಧದ ನಡುವೆಯೇ ಕಲಿತವು. ದೂರ ದೂರ ಇಟ್ಟ ಮೈಕ್ರೊಫೋನುಗಳಿಗೆ ಶತ್ರು ತೋಪಿನ ಸದ್ದು ಯಾವ ಯಾವ ಕ್ಷಣದಲ್ಲಿ ತಲುಪಿತು ಎಂಬ ವ್ಯತ್ಯಾಸದಿಂದ ಅದರ ಜಾಗವನ್ನು ಕಂಡುಹಿಡಿಯುವ ವಿಧಾನವನ್ನು 1917ರ ಏಪ್ರಿಲ್‌ನ ಫ್ರಾನ್ಸಿನ ವಿಮಿ ಕದನಕ್ಕೆ ಮೊದಲು ಕೆನಡಾದ ಪಡೆಯಲ್ಲಿ ಚೆನ್ನಾಗಿ ಬಳಸಿಕೊಂಡವರು ಫಿರಂಗಿ ಅಧಿಕಾರಿ ಆಂಡ್ರ್ಯೂ ಮೆಕ್‌ನಾಟನ್, ಅವರು ಕೂಡ ಸಸ್ಕಾಚೆವಾನ್ ಪ್ರಾಂತ್ಯದ ಮೂಸೊಮಿನ್ ಎಂಬ ಸಣ್ಣ ಊರಿನವರು. ಎದುರು ಪಕ್ಷವೇನೂ ಸುಮ್ಮನಿರಲಿಲ್ಲ. 1917ರ ಜುಲೈನಿಂದ ಜರ್ಮನರು ಬಳಸತೊಡಗಿದ ಮಸ್ಟರ್ಡ್ ಅನಿಲದ ಷೆಲ್ಲುಗಳಿಗೆ ತೋಪುಗಳಿದ್ದ ಜಾಗಗಳು ಅಚ್ಚುಮೆಚ್ಚಿನ ಗುರಿಯಾದವು. ಆ ವರ್ಷದ ಅಕ್ಟೋಬರ್–ನವೆಂಬರ್‌ನಲ್ಲಿ ಬೆಲ್ಜಿಯಂನ ಪಾಶೆಂಡೇಲ್‌ನಲ್ಲಂತೂ ತೋಪುಗಳು ಕೆಸರಿನಲ್ಲಿ ಹೂತುಹೋಗುತ್ತಿದ್ದವು. ಗಾಡಿ ಸಾಗದ ಕಡೆ ಕುದುರೆ, ಹೇಸರಗತ್ತೆಗಳ ಬೆನ್ನ ಮೇಲೆ ಷೆಲ್ ಹೇರಿ ಹಲಗೆ ಹಾಸಿದ ದಾರಿಯಲ್ಲಿ ರಾತ್ರಿ ಹೊತ್ತು ಸಾಗಿಸುತ್ತಿದ್ದರು. ಆ ದಾರಿಯ ಅಳತೆ ಶತ್ರುವಿನ ತೋಪುಗಳಿಗೆ ಗೊತ್ತೇ ಇತ್ತು. ಕಾಲುದಳದವರು ಕೆಲವು ದಿನ ಮುಂದಿದ್ದು ಹಿಂದಕ್ಕೆ ಬರುತ್ತಿದ್ದರೆ, ಬ್ಯಾಟರಿಗಳು ವಾರಗಟ್ಟಲೆ ಅಲ್ಲಿಯೇ ಉಳಿಯುತ್ತಿದ್ದವು. ಆದ್ದರಿಂದ ನಿಮ್ಮ ಗನ್ನರ್ ಸತ್ತ ದಿನಾಂಕ ಯಾವ ಪ್ರಸಿದ್ಧ ಕದನಕ್ಕೂ ಹೊಂದದಿದ್ದರೆ ಆಶ್ಚರ್ಯಪಡಬೇಡಿ, ಫಿರಂಗಿ ದಳದಲ್ಲಿ ಅದು ಸಾಮಾನ್ಯ ಸಂಗತಿ.

ಈಗ ಒಬ್ಬ ನಿಜವಾದ ಫಿರಂಗಿ ಸೈನಿಕನನ್ನು ತೆಗೆದುಕೊಂಡು ನೋಡೋಣ. ಅವನ ಸಾವು ಲೋಕಕ್ಕೆಲ್ಲ ಗೊತ್ತು, ಅವನು ಮಾತ್ರ ಬಹುಮಂದಿಗೆ ಗೊತ್ತಿಲ್ಲ. ಅಲೆಕ್ಸಿಸ್ ಹೆಲ್ಮರ್ ಹುಟ್ಟಿದ್ದು 1892ರಲ್ಲಿ, ಕ್ವಿಬೆಕ್ ಪ್ರಾಂತ್ಯದ ಹಲ್ ಎಂಬ ಊರಿನಲ್ಲಿ. ರಾಜಧಾನಿ ಒಟ್ಟಾವಾಕ್ಕೂ ಹಲ್‌ಗೂ ನಡುವೆ ಒಂದು ನದಿ ಅಷ್ಟೇ. ತಂದೆ ಸೇನಾಧಿಕಾರಿ. ಹುಡುಗ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದ. ಲೆಕ್ಕ ಬಲ್ಲ ತರುಣರನ್ನು ಫಿರಂಗಿ ದಳ ಮೊದಲಿನಿಂದಲೂ ಸೆಳೆಯುತ್ತಿತ್ತು; ಯುದ್ಧ ಶುರುವಾದಾಗ ಅವನು ಕೆನಡಿಯನ್ ಫೀಲ್ಡ್ ಆರ್ಟಿಲರಿಯ ಮೊದಲನೆಯ ಬ್ರಿಗೇಡಿನ ಎರಡನೆಯ ಬ್ಯಾಟರಿಯಲ್ಲಿ ಲೆಫ್ಟಿನೆಂಟ್ ಆಗಿ ಹೊರಟ. ಬೆಲ್ಜಿಯಂನ ಈಪ್ರ್ ಪಟ್ಟಣದ ಬಳಿ 1915ರ ಏಪ್ರಿಲ್ 22ರ ಸಂಜೆ ಜರ್ಮನರು ಕ್ಲೋರಿನ್ ಅನಿಲ ಬಿಟ್ಟರು, ಫ್ರೆಂಚ್ ಸಾಲು ಒಡೆಯಿತು, ಪಕ್ಕದಲ್ಲಿದ್ದ ಕೆನಡಾದ ಮೊದಲ ಡಿವಿಷನ್ ಆ ಬಿರುಕಿಗೆ ಅಡ್ಡ ನಿಂತಿತು. ಹೆಲ್ಮರನ ಬ್ರಿಗೇಡ್ ಆ ರಾತ್ರಿಯೇ ಮುಂದಕ್ಕೆ ಬಂದು ಪಟ್ಟಣದ ಉತ್ತರಕ್ಕೆ, ಕಾಲುವೆಯ ದಡದಲ್ಲಿ ತೋಪುಗಳನ್ನು ಹೂಡಿತು. ಅಲ್ಲಿಂದ ಹದಿನೇಳು ದಿನ ಅಲುಗಲಿಲ್ಲ.

ಅದೇ ಬ್ರಿಗೇಡಿನ ವೈದ್ಯರು ಜಾನ್ ಮೆಕ್ರೇ. ಒಂಟಾರಿಯೊದ ಗೆಲ್ಫ್ ಊರಿನವರು, ಆಗ 42 ವರ್ಷದವರು. ದಕ್ಷಿಣ ಆಫ್ರಿಕಾದ ಯುದ್ಧದಲ್ಲಿ ಸ್ವತಃ ಫಿರಂಗಿ ಅಧಿಕಾರಿಯಾಗಿ ದುಡಿದವರು. ಕಾಲುವೆಯ ಏರಿಯನ್ನು ಕೊರೆದು ಮಾಡಿದ ಗುಹೆಯಂಥ ಜಾಗದಲ್ಲಿ ಅವರು ಗಾಯಾಳುಗಳಿಗೆ ಮದ್ದು ಕಟ್ಟುತ್ತಿದ್ದರು. ಮೇ 2ರ ಭಾನುವಾರ ಬೆಳಿಗ್ಗೆ ಹೆಲ್ಮರ್ ತನ್ನ ಗೆಳೆಯ ಲೆಫ್ಟಿನೆಂಟ್ ಓವನ್ ಹೇಗ್ ಜೊತೆ ತಂಗುಗುಂಡಿಯಿಂದ ಹೊರಬಂದಾಗ ಎಂಟು ಇಂಚಿನ ತೋಪಿನ ಒಂದು ಷೆಲ್ ನೇರ ಬಂದು ಬಡಿಯಿತು. ಹೆಲ್ಮರ್ ಅಲ್ಲಿಯೇ ಮುಗಿದುಹೋದ, ವಯಸ್ಸು 22. ಸಿಕ್ಕಷ್ಟು ಅವಶೇಷಗಳನ್ನು ಮರಳ ಚೀಲಗಳಲ್ಲಿ ಕೂಡಿಸಿ, ಕಂಬಳಿಯಲ್ಲಿ ಸುತ್ತಿ ಸಂಜೆ ಹೂಳಿದರು. ಪಾದ್ರಿ ಇರಲಿಲ್ಲ; ಮೆಕ್ರೇ ಅವರೇ ಅಂತ್ಯವಿಧಿಯ ಮಾತುಗಳನ್ನು ನೆನಪಿದ್ದಷ್ಟು ಹೇಳಿದರು. ಆ ದಿನದ ತಮ್ಮ ಬರಹದಲ್ಲಿ ಅವರು ಇನ್ನೊಂದು ಸಂಗತಿಯನ್ನು ಗುರುತಿಸಿದ್ದಾರೆ: ಹೆಲ್ಮರನ ದಿನಚರಿಯ ಕೊನೆಯ ಸಾಲಿನಲ್ಲಿ, ಸದ್ದು ಕೊಂಚ ಇಳಿದಿದೆ, ಇವತ್ತು ಚೆನ್ನಾಗಿ ನಿದ್ದೆ ಮಾಡಲು ನೋಡುತ್ತೇನೆ ಎಂಬರ್ಥದ ಮಾತಿತ್ತು. ನನ್ನ ಮಟ್ಟಿಗೆ ಹೆಲ್ಮರನನ್ನು ನೆನೆಯಲು ಈ ಒಂದು ಸಾಲು ಸಾಕು. ಹತ್ತು ದಿನ ಕಣ್ಣು ಮುಚ್ಚದ ಒಬ್ಬ ತರುಣ ಎಂಜಿನಿಯರ್ ಅದರಲ್ಲಿದ್ದಾನೆ.

ಲೋಕ ಅವನನ್ನು ನೆನೆದದ್ದು ಬೇರೆ ದಾರಿಯಲ್ಲಿ. ಆ ಸಾವಿನ ಮರುದಿನ ಮೆಕ್ರೇ ಬರೆದರೆಂದು ಹೇಳುವ ಹದಿನೈದು ಸಾಲಿನ ಪದ್ಯ ‘ಇನ್ ಫ್ಲಾಂಡರ್ಸ್ ಫೀಲ್ಡ್ಸ್’ (ಈಪ್ರ್ ಇರುವ ಪ್ರದೇಶವೇ ಫ್ಲಾಂಡರ್ಸ್), 1915ರ ಡಿಸೆಂಬರ್ 8ರ ‘ಪಂಚ್’ ಪತ್ರಿಕೆಯಲ್ಲಿ ಕವಿಯ ಹೆಸರಿಲ್ಲದೆ ಅಚ್ಚಾಯಿತು. ಅದನ್ನು ಎಲ್ಲಿ ಕುಳಿತು ಬರೆದರು, ಹರಿದು ಎಸೆದದ್ದನ್ನು ಯಾರು ಹೆಕ್ಕಿದರು ಎಂಬ ಕಥೆಗಳು ಹತ್ತಾರಿವೆ, ಒಂದಕ್ಕೊಂದು ತಾಳೆಯಾಗುವುದಿಲ್ಲ. ಮಗಳ ಬರಹದಲ್ಲಿ ಅವು ಬೇಡ. ಫಿರಂಗಿ ದಳದ ಕಣ್ಣಿನಿಂದ ಓದಿದರೆ ಕಾಣುವ ಒಂದು ಅಂಶವನ್ನು ಮಾತ್ರ ಹೇಳುತ್ತೇನೆ. ತೋಪುಗಳ ಸದ್ದಿನಲ್ಲಿ ಮೇಲೆ ಹಾರುವ ಬಾನಾಡಿಯ ಹಾಡು ಕೇಳಿಯೂ ಕೇಳದಂತಿದೆ ಎಂದು ಆ ಪದ್ಯದಲ್ಲಿ ಬರುತ್ತದೆಯಲ್ಲ, ಅಲ್ಲಿ ಗುಡುಗುತ್ತಿದ್ದ ತೋಪುಗಳಲ್ಲಿ ಕವಿಯ ಸ್ವಂತ ಬ್ರಿಗೇಡಿನವೂ ಇದ್ದವು, ಹೆಲ್ಮರ್ ಹಿಂದಿನ ದಿನದವರೆಗೂ ನಡೆಸುತ್ತಿದ್ದವು. ಶಾಲೆಗಳಲ್ಲಿ ಅದನ್ನು ಎಲ್ಲೋ ದೂರದ ಸಿಡಿಲಿನಂತೆ ಓದಿಸುತ್ತಾರೆ. ಪದ್ಯದ ಕೊನೆಯ ಭಾಗ ಹೋರಾಟವನ್ನು ಮುಂದುವರಿಸಿ ಎಂದು ಕರೆ ಕೊಡುವುದರಿಂದ, 1917ರಲ್ಲಿ ಯುದ್ಧಸಾಲದ ಬಾಂಡುಗಳನ್ನು ಮಾರಲು ಕೂಡ ಅದನ್ನು ಬಳಸಿದರು. ಮೆಕ್ರೇ 1918ರ ಜನವರಿ 28ರಂದು ನ್ಯುಮೋನಿಯಾದಿಂದ ತೀರಿಕೊಂಡು, ಫ್ರಾನ್ಸಿನ ವಿಮೆರೊ ಊರಿನ ಸ್ಮಶಾನದಲ್ಲಿದ್ದಾರೆ.

ಪದ್ಯದಿಂದಾಗಿ ಪ್ರಸಿದ್ಧವಾದ ಕೆಂಪು ಹೂವಿನ ಬಗ್ಗೆಯೂ ಮನೆಯಲ್ಲಿ ಪ್ರಶ್ನೆ ಎದ್ದೇ ಇರುತ್ತದೆ. ಅದು ನಮ್ಮ ಪಾಯಸದ ಗಸಗಸೆಯ ಗಿಡವಲ್ಲ, ಅದರ ದಾಯಾದಿ. ಹೊಲದ ಕಳೆಯಾದ, ಇಂಗ್ಲಿಷಿನಲ್ಲಿ ‘ಪಾಪಿ’ (poppy) ಎನ್ನುವ ಈ ಗಿಡದ ಬೀಜ ವರ್ಷಗಟ್ಟಲೆ ಮಣ್ಣಿನಲ್ಲಿ ಸುಮ್ಮನಿದ್ದು, ನೆಲ ಕದಡಿದಾಗ ಬೆಳಕು ಕಂಡು ಮೊಳೆಯುತ್ತದೆ. ಷೆಲ್ಲುಗಳು ಉತ್ತ ನೆಲದಲ್ಲಿ, ಹೊಸದಾಗಿ ತೋಡಿದ ಸಮಾಧಿಗಳ ಮೇಲೆ ಅದು ಅಷ್ಟೊಂದು ಅರಳಿದ್ದಕ್ಕೆ ಕಾರಣ ಇಷ್ಟೇ. ಕೆನಡಾದ ಮಾಜಿ ಸೈನಿಕರ ಸಂಘ 1921ರಲ್ಲಿ ಅದನ್ನು ಸ್ಮರಣೆಯ ಹೂವಾಗಿ ಒಪ್ಪಿಕೊಂಡಿತು.

ಹೆಲ್ಮರನ ಸಮಾಧಿ ಏನಾಯಿತು? ಮೇಲೆ ನೆಟ್ಟ ಮರದ ಶಿಲುಬೆ ಮುಂದಿನ ಮೂರು ವರ್ಷಗಳ ಕದನದಲ್ಲಿ ಅಳಿಸಿಹೋಯಿತು. ಕಾಲುವೆಯ ಬಳಿಯ ಎಸೆಕ್ಸ್ ಫಾರ್ಮ್ ಸ್ಮಶಾನದಲ್ಲಿ ಇಂದು ಸುಮಾರು 1,200 ಸಮಾಧಿಗಳಿವೆ, ಅವುಗಳಲ್ಲಿ ಅವನದೆಂದು ಗುರುತಿಸಿದ್ದು ಯಾವುದೂ ಇಲ್ಲ. ಪ್ರವಾಸಿಗರಿಗೆ ಅಲ್ಲಿ ಕಾಂಕ್ರೀಟಿನ ಕೋಣೆಗಳನ್ನು ತೋರಿಸುತ್ತಾರೆ, ಅನೇಕರು ಮೆಕ್ರೇ ಕೆಲಸ ಮಾಡಿದ ಜಾಗ ಇದೇ ಎಂದುಕೊಂಡು ಫೋಟೊ ತೆಗೆದುಕೊಳ್ಳುತ್ತಾರೆ. ಆ ಕಾಂಕ್ರೀಟು ನಂತರದ ವರ್ಷಗಳದು, 1915ರಲ್ಲಿ ಇದ್ದದ್ದು ಬರೀ ಮಣ್ಣಿನ ಗೂಡು. ಅದೇ ಷೆಲ್ಲಿಗೆ ಸಿಕ್ಕ ಓವನ್ ಹೇಗ್‌ನನ್ನು ಹಿಂದಕ್ಕೆ ಸಾಗಿಸಿದ್ದರು, ಅವನು ಅದೇ ದಿನ ತೀರಿಕೊಂಡ. ಮುಂಚೂಣಿಯಿಂದ ದೂರದ ಹಾಜ್‌ಬ್ರೂಕ್ ಪಟ್ಟಣದಲ್ಲಿ ಹೂತಿದ್ದರಿಂದ ಅವನಿಗೆ ಹೆಸರಿರುವ ಸಮಾಧಿ ದಕ್ಕಿತು. ಹೆಲ್ಮರನಿಗೆ ಉಳಿದದ್ದು ಈಪ್ರ್‌ನ ಮೆನಿನ್ ಗೇಟ್ ಗೋಡೆಯ ಮೇಲಿನ ಒಂದು ಸಾಲು. ಗೊತ್ತಿರುವ ಸಮಾಧಿಯಿಲ್ಲದ 54,000ಕ್ಕೂ ಹೆಚ್ಚು ಜನರ ಹೆಸರುಗಳಿರುವ ಆ ಕಮಾನು 1927ರ ಜುಲೈ 24ರಂದು ಉದ್ಘಾಟನೆಯಾಯಿತು. ಇಂದಿಗೂ ಅಲ್ಲಿ ಪ್ರತಿ ಸಂಜೆ ಎಂಟು ಗಂಟೆಗೆ ರಸ್ತೆಯ ಸಂಚಾರ ನಿಲ್ಲಿಸಿ ಕಹಳೆ ಊದುತ್ತಾರೆ.

ನಿಮ್ಮ ಗನ್ನರನಿಗೆ ಈ ದಾರಿಯಲ್ಲಿ ಹೋಗಬಹುದೇ ಎಂದರೆ, ಹೋಗಬಹುದು, ಒಂದು ತೊಡಕಿನೊಡನೆ. ಪ್ರತಿ ಫಿರಂಗಿ ಬ್ರಿಗೇಡೂ ಯುದ್ಧ ದಿನಚರಿಯೊಂದನ್ನು ಬರೆದಿಡುತ್ತಿತ್ತು: ಹವಾಮಾನ, ತೋಪುಗಳ ಜಾಗ, ಹಾರಿಸಿದ ಷೆಲ್ಲುಗಳು, ಸಾವುನೋವು. ಅಧಿಕಾರಿ ಸತ್ತರೆ ಅವನ ಹೆಸರು ಬರುತ್ತದೆ. ಗನ್ನರ್ ಸತ್ತರೆ ಸಾಮಾನ್ಯವಾಗಿ ಬರುವುದು ‘ಇತರ ಶ್ರೇಣಿ, ಒಬ್ಬ’ ಎಂಬ ಲೆಕ್ಕ ಮಾತ್ರ. ಹೆಲ್ಮರ್ ಗನ್ನರ್ ಆಗಿದ್ದಿದ್ದರೆ, ಕವಿಯ ಗೆಳೆಯನಲ್ಲದಿದ್ದಿದ್ದರೆ, ಅವನೂ ಒಂದು ಅಂಕಿಯಾಗಿ ಉಳಿಯುತ್ತಿದ್ದ. ಆದ್ದರಿಂದ ನಿಮ್ಮ ಹುಡುಕಾಟ ದಿನಚರಿಯಿಂದ ಶುರುವಾಗುವಂತಿಲ್ಲ. ಮೊದಲು ಅವನ ಸೇವಾ ಕಡತದಿಂದ ಬ್ಯಾಟರಿ ಮತ್ತು ದಿನಾಂಕವನ್ನು ಹಿಡಿದು, ಆಮೇಲೆ ದಿನಚರಿಯ ಆ ಪುಟದಲ್ಲಿನ ಹೆಸರಿಲ್ಲದ ‘ಒಬ್ಬ’ನಿಗೆ ನೀವೇ ಹೆಸರು ಕೊಡಬೇಕು.

ಈ ವಿಷಯದಲ್ಲಿ ನೀವು ಕೆನಡಾದಲ್ಲಿರುವುದು ಪುಣ್ಯ. ಬ್ರಿಟಿಷ್ ಸೈನಿಕರ ಮೊದಲ ಮಹಾಯುದ್ಧದ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಮೇಲೆ ಬಿದ್ದ ಬಾಂಬುಗಳಿಗೆ ಸುಟ್ಟುಹೋದವು. ಕೆನಡಾದ ಆರು ಲಕ್ಷಕ್ಕೂ ಹೆಚ್ಚು ಕಡತಗಳು ಉಳಿದಿವೆ, ರಾಷ್ಟ್ರೀಯ ಗ್ರಂಥಾಲಯ ಮತ್ತು ಪತ್ರಾಗಾರವು 2018ರ ವೇಳೆಗೆ ಎಲ್ಲವನ್ನೂ ಸ್ಕ್ಯಾನ್ ಮಾಡಿ ಅಂತರಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಒಂದೇ ಹೆಸರಿನವರು ಹಲವರಿರುತ್ತಾರೆ, ಆದ್ದರಿಂದ ಮೊದಲು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲೋ ಅಂತರಜಾಲದಲ್ಲಿರುವ ಕೆನಡಿಯನ್ ವರ್ಚುವಲ್ ವಾರ್ ಮೆಮೋರಿಯಲ್‌ನಲ್ಲೋ ಅವನ ಸೇವಾ ಸಂಖ್ಯೆಯನ್ನು ಹಿಡಿಯಿರಿ. ಹೆಸರಿಗಿಂತ ಸಂಖ್ಯೆಯೇ ನಂಬಿಕೆಗೆ ಅರ್ಹ. ಕಡತ ತೆರೆದಾಗ ಮೊದಲು ಸಿಗುವುದು ಸೇರ್ಪಡೆಯ ಅರ್ಜಿ. ಅದರಲ್ಲಿ ಅವನ ಕಸುಬು, ಎತ್ತರ, ಎದೆಯ ಸುತ್ತಳತೆ, ಕಣ್ಣಿನ ಬಣ್ಣ, ಮೈಮೇಲಿನ ಮಚ್ಚೆ-ಗಾಯದ ಗುರುತು, ಹತ್ತಿರದ ಬಂಧುವಿನ ವಿಳಾಸ ಇರುತ್ತವೆ. ಆ ವಿಳಾಸದ ಮನೆ ನಿಮ್ಮ ಬೀದಿಯಲ್ಲಿ ಇನ್ನೂ ನಿಂತಿರಬಹುದು. ನಂತರ ನೀಲಿಯೋ ಕಂದೋ ಆದ ಹಾಳೆಯೊಂದರ ಮೇಲೆ ಅವನು ಯಾವ ದಿನ ಯಾವ ಬ್ಯಾಟರಿಗೆ ಸೇರಿದ, ಯಾವಾಗ ಜ್ವರ ಬಂತು, ಯಾವಾಗ ರಜೆ ಸಿಕ್ಕಿತು ಎಂಬ ಸಾಲುಗಳು. ಸಂಬಳದ ಹಾಳೆಯನ್ನು ಬಿಡಬೇಡಿ. ಗನ್ನರನಿಗೆ ದಿನಕ್ಕೆ ಒಂದು ಡಾಲರು, ಮೇಲೆ ಹತ್ತು ಸೆಂಟು ಭತ್ಯೆ. ಅದರಲ್ಲಿ ತಿಂಗಳಿಗೆ ಇಷ್ಟೆಂದು ಅಮ್ಮನ ಹೆಸರಿಗೆ ಬರೆಸಿದ್ದು ಅಲ್ಲಿ ಕಾಣುತ್ತದೆ, ಯಾವ ತಿಂಗಳಿಗೆ ನಿಂತಿತು ಎಂಬುದೂ ಕಾಣುತ್ತದೆ. ಮಕ್ಕಳಿಗೆ ಯುದ್ಧದ ಸಾವು ಅರ್ಥವಾಗುವುದು ನಕ್ಷೆಯಲ್ಲಿನ ಬಾಣದ ಗುರುತುಗಳಿಂದಲ್ಲ, ಇಂಥ ಹಾಳೆಗಳಿಂದ ಎಂದು ನನಗೆ ಅನುಭವದಿಂದ ಗೊತ್ತಿದೆ. ‘ಸಾವಿನ ಸಂದರ್ಭ’ ಎಂಬ ಪ್ರತ್ಯೇಕ ದಫ್ತರವೂ ಇದೆ. ಅವನ ನಮೂದು ಉಳಿದಿದ್ದರೆ ತೋಪಿನ ಬಳಿ ಸತ್ತನೋ, ಷೆಲ್ ಹೊತ್ತು ಹೋಗುವಾಗ ಸತ್ತನೋ ಎಂಬುದು ಒಂದೆರಡು ವಾಕ್ಯಗಳಲ್ಲಿ ಅಲ್ಲಿರುತ್ತದೆ.

ಅವನು ಎಲ್ಲಿದ್ದಾನೆ ಎಂಬುದನ್ನು ಆಯೋಗದ ಪಟ್ಟಿಯೇ ಹೇಳುತ್ತದೆ. ಸಮಾಧಿ ಸಿಗದ ಕೆನಡಾದವರಲ್ಲಿ ಬೆಲ್ಜಿಯಂನಲ್ಲಿ ಮಡಿದವರ ಹೆಸರು ಮೆನಿನ್ ಗೇಟ್ ಮೇಲಿದೆ, ಫ್ರಾನ್ಸಿನಲ್ಲಿ ಮಡಿದವರದು 1936ರಲ್ಲಿ ಅನಾವರಣವಾದ ವಿಮಿ ಸ್ಮಾರಕದ ಮೇಲೆ. ಸಮಾಧಿ ಇದ್ದರೆ ಬಿಳಿ ಕಲ್ಲಿನ ಮೇಲೆ ಮೇಪಲ್ ಎಲೆಯಿರುತ್ತದೆ. ಬ್ರಿಟಿಷರಂತೆ ಕೆನಡಾದವರು ದಳದ ಲಾಂಛನವನ್ನು ಕೆತ್ತಿಸಲಿಲ್ಲ, ಆದ್ದರಿಂದ ತೋಪಿನ ಚಿತ್ರ ಹುಡುಕಬೇಡಿ. ಕಲ್ಲಿನ ಬುಡದಲ್ಲಿ ಮನೆಯವರು ಬರೆಸಿದ ಸಾಲೊಂದು ಇರಬಹುದು; ಅದಕ್ಕೆ 66 ಅಕ್ಷರಗಳ ಮಿತಿಯಿತ್ತು. ಇಡೀ ಕಡತದಲ್ಲಿ ಅವನ ತಾಯಿತಂದೆಯ ಸ್ವಂತ ಮಾತೆಂದರೆ ಅದೊಂದೇ ಆಗಿರುವ ಸಾಧ್ಯತೆ ಹೆಚ್ಚು, ಮಗಳು ಅದನ್ನು ಇದ್ದಂತೆಯೇ ಬರೆದುಕೊಳ್ಳಲಿ. ಆ ತಾಯಿಗೆ ಕೆನಡಾ ಸರ್ಕಾರ 1919ರಲ್ಲಿ ಆರಂಭಿಸಿದ ಬೆಳ್ಳಿಯ ಸ್ಮರಣ ಶಿಲುಬೆಯೂ, ಮನೆಗೆ ಹೆಸರು ಮಾತ್ರವಿದ್ದು ಶ್ರೇಣಿಯೇ ಇಲ್ಲದ ಕಂಚಿನ ಬಿಲ್ಲೆಯೂ ಹೋಗಿರುತ್ತವೆ. ಒಟ್ಟಾವಾದ ಸಂಸತ್ ಭವನದ ಶಾಂತಿ ಗೋಪುರಕ್ಕೆ ಸೇರಿದ ಸ್ಮರಣ ಗ್ರಂಥದಲ್ಲಿ ಅವನ ಹೆಸರಿರುವ ಪುಟವನ್ನು ವರ್ಷದ ಯಾವ ದಿನ ತೆರೆದಿಡುತ್ತಾರೆ ಎಂಬುದೂ ಗೊತ್ತಾಗುತ್ತದೆ.

ಕೊನೆಯದಾಗಿ, ‘ಈ ನಾಡಿನವರೇ ಅಲ್ಲದ ನಾವು’ ಎಂದು ಬರೆದಿದ್ದೀರಿ. ಹೆಲ್ಮರ್ ಸಾಯುವ ಆರು ದಿನ ಮೊದಲು, ಏಪ್ರಿಲ್ 26ರಂದು, ಅದೇ ಈಪ್ರ್ ಬಳಿ ಭಾರತೀಯ ಸೇನೆಯ ಲಾಹೋರ್ ಡಿವಿಷನ್ ಎದುರುದಾಳಿ ಮಾಡಿತು. ಮೆನಿನ್ ಗೇಟ್ ಮೇಲೆ ಭಾರತೀಯರ ಹೆಸರುಗಳೂ ಇವೆ. ಆ ಡಿವಿಷನ್ನಿನ ಸಿಪಾಯಿಗಳು ಭಾರತೀಯರು, ಅವರ ಹಿಂದಿನ ಮೈದಾನ ತೋಪುಗಳನ್ನು ನಡೆಸಿದವರು ಬ್ರಿಟಿಷರು. 1857ರ ದಂಗೆಯ ನಂತರ ಬೆಟ್ಟದ ಸಣ್ಣ ತೋಪುಗಳನ್ನು ಬಿಟ್ಟರೆ ಬೇರೆ ತೋಪುಗಳನ್ನು ಭಾರತೀಯರ ಕೈಗೆ ಕೊಡಲು ಸರ್ಕಾರ ಹೆದರಿತು. ಆ ಬಾಗಿಲು ಮತ್ತೆ ತೆರೆದದ್ದು 1935ರ ಜನವರಿ 15ರಂದು, ಭಾರತೀಯ ಗನ್ನರುಗಳ ಮೊದಲ ಫೀಲ್ಡ್ ಬ್ರಿಗೇಡನ್ನು ಕಟ್ಟಿದಾಗ. ಕಟ್ಟಿದ್ದು ಬೆಂಗಳೂರಿನಲ್ಲಿ. ಇನ್ನು ನಿಮ್ಮ ಒಂಟಾರಿಯೊದಲ್ಲೇ, ಸ್ಮಿತ್ಸ್ ಫಾಲ್ಸ್ ಎಂಬ ಸಣ್ಣ ಊರಿನಲ್ಲಿ 1915ರಲ್ಲಿ ಸೇನೆಗೆ ಸೇರಿದ ಬುಕ್ಕಂ ಸಿಂಗ್ ಎಂಬ ಪಂಜಾಬಿ ಇದ್ದ. ಕಾಲುದಳದವನು, ಫ್ಲಾಂಡರ್ಸ್‌ನಲ್ಲಿ ಗಾಯಗೊಂಡ, 1919ರಲ್ಲಿ ಕ್ಷಯದಿಂದ ಸತ್ತು ಕಿಚನರ್ ನಗರದಲ್ಲಿ ಮಣ್ಣಾದ. ತೊಂಬತ್ತು ವರ್ಷ ಯಾರಿಗೂ ಅವನ ನೆನಪಿರಲಿಲ್ಲ. ಅಂಗಡಿಯೊಂದರಲ್ಲಿ ಸಿಕ್ಕ ಪದಕದ ಅಂಚಿನ ಮೇಲಿದ್ದ ಹೆಸರನ್ನು ಹಿಡಿದು ಹೋದವರು ಸಮಾಧಿಯನ್ನು ಕಂಡುಹಿಡಿದರು, ಈಗ ಅಲ್ಲಿ ಪ್ರತಿ ನವೆಂಬರ್‌ನಲ್ಲಿ ಜನ ಸೇರುತ್ತಾರೆ.

ಒಟ್ಟಾವಾಕ್ಕೆ ಹೋದಾಗ ಗ್ರೀನ್ ಐಲೆಂಡ್‌ನಲ್ಲಿರುವ ರಾಷ್ಟ್ರೀಯ ಫಿರಂಗಿ ದಳ ಸ್ಮಾರಕವನ್ನು ಮಗಳಿಗೆ ತೋರಿಸಿ. 2015ರ ಮೇ 3ರಂದು, ಪದ್ಯಕ್ಕೆ ನೂರು ತುಂಬಿದಾಗ, ಅದರ ಬಳಿ ಮೆಕ್ರೇ ಅವರ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ನದಿಯಾಚೆ ಕಾಣುವುದು ಗ್ಯಾಟಿನೋ ನಗರ. ಹೆಲ್ಮರ್ ಹುಟ್ಟಿದ ಹಲ್ ಈಗ ಅದರಲ್ಲಿ ಸೇರಿಹೋಗಿದೆ.

ಅದಕ್ಕೂ ಮೊದಲು ಒಂದು ಕೆಲಸ. ದಿನಚರಿಯ ಪುಟ ಸಿಕ್ಕಾಗ ಅದರಲ್ಲಿ ಅಂಕಿ ಮತ್ತು ಅಕ್ಷರಗಳು ಬೆರೆತ ಒಂದು ಗುರುತು ಕಾಣುತ್ತದೆ. ಈಪ್ರ್ ಕಡೆಯದಾದರೆ ಅದು 28ರಿಂದ ಶುರುವಾಗಬಹುದು. ಅದು ಆ ಕಾಲದ ಕಂದಕ ನಕ್ಷೆಯ ಹಾಳೆಯ ಸಂಖ್ಯೆ. ಮುಂದಿನ ಅಕ್ಷರ, ಅಂಕಿಗಳು ಹಾಳೆಯನ್ನು ಚೌಕಗಳಾಗಿ, ಚೌಕವನ್ನು ಇನ್ನೂ ಸಣ್ಣ ಚೌಕಗಳಾಗಿ ಕತ್ತರಿಸುತ್ತಾ, ಬ್ಯಾಟರಿಯ ತೋಪುಗಳು ನಿಂತಿದ್ದ ಹೊಲದ ಮೂಲೆಯವರೆಗೂ ಕರೆದೊಯ್ಯುತ್ತವೆ. ಪೆನ್ಸಿಲಿನ ಅವಸರದ ಬರಹವಾದ್ದರಿಂದ ಸಿ ಮತ್ತು ಜಿ ಅಕ್ಷರಗಳ ನಡುವೆ ಗೊಂದಲವಾಗುವುದುಂಟು. ಪುಟದ ಪ್ರತಿಯನ್ನು ಕಳುಹಿಸಿದರೆ ಓದಿಕೊಡುತ್ತೇನೆ; ಇಂದಿನ ನಕ್ಷೆಗೆ ಹೊಂದಿಸುವುದನ್ನು ಮಾತ್ರ ಮಗಳ ಕೈಯಲ್ಲೇ ಮಾಡಿಸಿ.